ವೈಫೈಗೆ ‘ವಿಶ್ವಾಸಾರ್ಹ’ ಒಗ್ಗುತ್ತದೆಯೇ? ಜೊತೆಗೆ ‘ನಿಸ್ತಂತು’ ಬಗ್ಗೆಯೂ ಒಂದು ಸಂಶಯ

ಗೆಳೆಯರೇ, ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮೂರ ವಾಚನಾಲಯದಲ್ಲಿ ಅಂಟಿಸಲಿಕ್ಕೆ, ಮನೆಯೊಳಗೆ ಇಂಟರ್ನೆಟ್ ಹಂಚಿಕೊಳ್ಳುವ ಬಗ್ಗೆ ಒಂದು ಪುಟದ ಬರಹ ತಯಾರು ಮಾಡುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದೆ: ‘ನಿಸ್ತಂತು ಜಾಲಕ್ಕಿಂತ ತಂತಿ ಜಾಲ ಹೆಚ್ಚು ವಿಶ್ವಾಸಾರ್ಹ.’ ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ನೆರೆಮನೆಯ ಹಿರಿಯರಿಗೆ ಓದಿ ಹೇಳಿದಾಗ ಅವರು ಎರಡು ಕಡೆ ತಡೆದರು. ‘ನಿಸ್ತಂತು ಅಂದ್ರೆ ಎಂತ?’ ಎಂದು ಒಮ್ಮೆ (ವೈರ್‌ಲೆಸ್, ಅಂದರೆ ತಂತಿಯಿಲ್ಲದ್ದು, ಎಂಬ ಅರ್ಥದಲ್ಲಿ ಬರೆದಿದ್ದೆ). ‘ವಿಶ್ವಾಸ ಇಡ್ಲಿಕ್ಕೆ ಅದೇನು ಮನುಷ್ಯನಾ?’ ಎಂದು ಇನ್ನೊಮ್ಮೆ.

ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ಕನ್ನಡದಲ್ಲಿ ವಿಶ್ವಾಸದ ಪಕ್ಕದಲ್ಲಿ ಯಾವಾಗಲೂ ಪ್ರೀತಿ ಕೂತಿರುತ್ತದೆ, ‘ಪ್ರೀತಿ ವಿಶ್ವಾಸ’ ಎನ್ನುವುದು ನಮಗೆ ಒಂದೇ ಉಸಿರಿನ ಮಾತು. ಇಲ್ಲಿ ದಿನವಿಡೀ ಕಿವಿಗೆ ಬೀಳುವ ಮಲಯಾಳದಲ್ಲಾದರೆ ‘ವಿಶ್ವಾಸಿ’ ಎಂದರೆ ದೇವರನ್ನು ನಂಬಿದವನು. ವರದಿ ವಿಶ್ವಾಸಾರ್ಹ, ಸಾಕ್ಷಿ ವಿಶ್ವಾಸಾರ್ಹ ಎಂದರೆ ಸರಿಯಾಗಿ ಕೇಳುತ್ತದೆ, ಏಕೆಂದರೆ ಅಲ್ಲಿ ಸುಳ್ಳು ಹೇಳುವ ಸಾಧ್ಯತೆ ಇದೆ. ಮನೆಯೊಳಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ, ಅಂದರೆ ರೌಟರ್, ಸುಳ್ಳು ಹೇಳುವುದಿಲ್ಲವಲ್ಲ.

‘ನೆಚ್ಚು’ ಹಳೆಯ, ಗಟ್ಟಿಯಾದ ಪದ, ನನಗೆ ಇಷ್ಟವೂ ಹೌದು. ಆದರೆ ‘ನೆಚ್ಚಿನ ಜಾಲ’ ಎಂದು ಬರೆದರೆ ನೆಚ್ಚಿನ ನಟ, ನೆಚ್ಚಿನ ತಿಂಡಿಯ ಸಾಲಿಗೆ ಹೋಗಿಬಿಡುತ್ತದೆ. ‘ನೆಚ್ಚಬಹುದಾದ’ ಎಂದರೆ ಅರ್ಥ ನಿಲ್ಲುತ್ತದೆ, ಆದರೆ ಉದ್ದವಾಯಿತು. ಕೊನೆಗೆ ಆ ಹಿರಿಯರೇ ಹೇಳಿದರು: ‘ವಯರು ಹಾಕಿದ್ರೆ ಕೈಕೊಡುದಿಲ್ಲ ಅಂತ ಬರೆ, ಮುಗೀತು.’ ಮಳೆ ಕೈಕೊಡುತ್ತದೆ, ಬೈಕು ಕೈಕೊಡುತ್ತದೆ, ಕಣ್ಣು ಕೈಕೊಡುತ್ತದೆ. ನೆಟ್ಟೂ ಹಾಗೆಯೇ. ‘ಕೈಕೊಡದ’ ಎನ್ನುವುದಕ್ಕಿಂತ ಹತ್ತಿರದ ಮಾತು ನನಗೆ ಇದುವರೆಗೆ ಸಿಕ್ಕಿಲ್ಲ.

ಆದರೂ ಒಂದು ತೊಡಕು ಉಳಿದಿದೆ. ವಯರೂ ವೈಫೈಯೂ ಕೈಕೊಡುವ ರೀತಿ ಒಂದೇ ಅಲ್ಲ. ನಮ್ಮದು ಮುರಕಲ್ಲಿನ ಹಳೆಯ ಮನೆ, ರೌಟರ್ ಇರುವುದು ಚಾವಡಿಯಲ್ಲಿ, ಮಗಳು ಕೆಲಸಕ್ಕೆ ಕೂರುವುದು ಉಪ್ಪರಿಗೆಯಲ್ಲಿ. ಅವಳ ಲ್ಯಾಪ್‌ಟಾಪಿನಲ್ಲಿ ವೈಫೈಯ ಗೆರೆಗಳೆಲ್ಲ ತುಂಬಿಯೇ ಇರುತ್ತವೆ, ಮಾತು ಮಾತ್ರ ತುಂಡು ತುಂಡು. ಒಂದು ಸಂಜೆ ಅಲ್ಲಿಂದ ರೌಟರಿಗೆ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆದು ನೋಡಿದೆವು: ಒಮ್ಮೆ 3 ಮಿಲಿಸೆಕೆಂಡು, ಮರುಕ್ಷಣ 80, ಮತ್ತೆ 5, ಆಮೇಲೆ ಉತ್ತರವೇ ಇಲ್ಲ. ಕೇಬಲ್ ಎಳೆದು ಸಿಕ್ಕಿಸಿದ ಮೇಲೆ ಎಷ್ಟು ಹೊತ್ತು ನೋಡಿದರೂ 1 ಮಿಲಿಸೆಕೆಂಡು ದಾಟಲಿಲ್ಲ. ಗಾಳಿಯ ದಾರಿ ಎಲ್ಲರಿಗೂ ಸೇರಿದ್ದು. ಒಂದೇ ವೈಫೈ ಚಾನೆಲ್‌ನಲ್ಲಿ, ಅಂದರೆ ರೇಡಿಯೊ ಅಲೆಗಳ ಒಂದೇ ಓಣಿಯಲ್ಲಿ, ಇರುವ ಫೋನು, ಟಿವಿ ಎಲ್ಲವೂ ಸರದಿ ಕಾಯಬೇಕು, ದಾರಿಯಲ್ಲಿ ಹಾಳಾದದ್ದನ್ನು ಮತ್ತೆ ಕಳಿಸಬೇಕು. ವೈಫೈ ಬಳಸುವ 5 ಗಿಗಾಹರ್ಟ್ಸ್‌ನ ಅಲೆಗಳಂತೂ ದಪ್ಪ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತವೆ. ಇದು ಕಡಿತವಲ್ಲ. ಇದನ್ನು ನಾನು ‘ಹೊಯ್ದಾಟ’ ಎಂದು ಬರೆದುಕೊಂಡಿದ್ದೇನೆ.

ವಯರು ಸಾಮಾನ್ಯವಾಗಿ ಹೀಗೆ ಹೊಯ್ದಾಡುವುದಿಲ್ಲ, ಹೋದರೆ ಹೆಚ್ಚಾಗಿ ಪೂರ್ತಿ ಹೋಗುತ್ತದೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಗಳ ಸಿಡಿಲು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮನೆಯಿಂದ ಅಡಿಕೆ ಸುಲಿಯುವ ಕೊಟ್ಟಿಗೆಗೆ ಅಂಗಳದ ಮೇಲಿಂದ ಎಳೆದಿದ್ದ ಕೇಬಲ್ ಹೋದ ವರ್ಷ ಸಿಡಿಲಿನ ಕರೆಂಟನ್ನು ಒಳಗೆ ತಂದು, ರೌಟರಿನ ಎರಡು ಪೋರ್ಟುಗಳನ್ನು ಸುಟ್ಟಿತು. ಪ್ಲಾಸ್ಟಿಕ್ ಕರಗಿದ ವಾಸನೆ ಮರುದಿನವೂ ಇತ್ತು. ಹಾಗಾಗಿ ‘ತಂತಿ ಕೈಕೊಡುವುದಿಲ್ಲ’ ಎಂದು ಷರತ್ತಿಲ್ಲದೆ ಬರೆದರೆ ಊರವರಿಗೆ ತಪ್ಪು ಹೇಳಿದಂತೆ. ಗೋಡೆಯೊಳಗೆ ವಯರು, ಅಂಗಳ ದಾಟಲು ಕರೆಂಟು ಹಾಯದ ಗಾಜಿನ ಎಳೆ (ಫೈಬರ್) ಅಥವಾ ವೈಫೈ ಎಂದೇ ಬರೆಯಬೇಕು.

ಇನ್ನು ‘ನಿಸ್ತಂತು’. ತಂತು ಎಂದರೆ ಎಳೆ, ನೂಲು. ಮಕ್ಕಳ ವಿಜ್ಞಾನದಲ್ಲಿ ಫೈಬರಿಗೆ ‘ದ್ಯುತಿ ತಂತು’ ಎನ್ನುತ್ತೇವೆ. ಈಗ ಮನೆಮನೆಗೆ ಫೈಬರ್ ಬಂದಿದೆ, ಅದರ ತುದಿಯ ಪೆಟ್ಟಿಗೆಯೇ ವೈಫೈ ಕೊಡುತ್ತದೆ. ತಂತುವಿನಿಂದ ಬಂದದ್ದನ್ನು ನಿಸ್ತಂತು ಎಂದು ವಿವರಿಸುವಾಗ ನನಗೇ ತೊಡರುತ್ತದೆ. ಮಲಯಾಳದಲ್ಲಿ ತಂತಿಗೂ ಟೆಲಿಗ್ರಾಮಿಗೂ ‘ಕಂಬಿ’ ಎನ್ನುತ್ತಿದ್ದರು, ವೈರ್‌ಲೆಸ್ ಬಂದಾಗ ಹುಟ್ಟಿದ್ದು ‘ಕಂಬಿಯಿಲ್ಲಾಕ್ಕಂಬಿ’. ತಂತಿಯಿಲ್ಲದ ತಂತಿ! ಕೇಳಿದವನಿಗೆ ಕೂಡಲೇ ತಿಳಿಯುತ್ತದೆ. ಹೆಸರಿಗೂ ವಸ್ತುವಿಗೂ ತಾಳೆಯಾಗದಿರುವುದು ನಮ್ಮಲ್ಲಿ ಮಾತ್ರವಲ್ಲ. 1973ರಲ್ಲಿ ಅಮೆರಿಕದ ಇಂಜಿನಿಯರ್ ಬಾಬ್ ಮೆಟ್ಕಾಫ್ ಕೇಬಲ್ ಜಾಲಕ್ಕೆ ಈಥರ್ನೆಟ್ ಎಂದು ಹೆಸರಿಟ್ಟದ್ದು, ಬೆಳಕು ಹಾಯಲು ಜಗತ್ತನ್ನೆಲ್ಲ ತುಂಬಿದೆ ಎಂದು ಹಿಂದಿನವರು ಊಹಿಸಿದ್ದ ಈಥರಿನಿಂದ. ವಯರಿನ ಜಾಲಕ್ಕೆ ಆಕಾಶದ ಹೆಸರು. ಆದ್ದರಿಂದ ‘ನಿಸ್ತಂತು’ವನ್ನು ತಪ್ಪು ಎನ್ನಲಾರೆ, ನನ್ನ ಪುಟಕ್ಕೆ ಮಾತ್ರ ‘ವೈಫೈ’, ‘ವಯರು’ ಎಂದೇ ಇಡುತ್ತೇನೆ.

ನನಗೆ ಬೇಕಾದದ್ದು ಎರಡು. ‘ಕೈಕೊಡದ’ ಎಂಬ ಗುಣಕ್ಕೆ ನಾಮಪದವಾಗಿ ನಿಲ್ಲುವ, ಆಡುಮಾತಿಗೆ ದೂರವಲ್ಲದ ಪದವೊಂದು ಇದೆಯೇ? ‘ನೆಚ್ಚಿಕೆ’ಯನ್ನು ಈ ಅರ್ಥದಲ್ಲಿ ಯಾರಾದರೂ ದಿನಬಳಕೆಯಲ್ಲಿ ಕೇಳಿದ್ದೀರಾ? ಇನ್ನೊಂದು, ನಮ್ಮಂತೆ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ಅಕ್ಕಲಕೋಟೆ, ಆದವಾನಿ ಕಡೆಯವರು ದಯವಿಟ್ಟು ಹೇಳಿ: ಸಿಗ್ನಲ್ ಇದ್ದೂ ಮಾತು ತುಂಡಾಗುವಾಗ ನಿಮ್ಮ ಮನೆಯಲ್ಲಿ ಬಾಯಿಗೆ ಬರುವ ಕ್ರಿಯಾಪದ ಯಾವುದು? ನಮ್ಮಲ್ಲಿ ‘ತಿರುಗ್ತಾ ಉಂಟು’ ಎನ್ನುತ್ತಾರೆ, ಪರದೆಯ ಮೇಲಿನ ಚಕ್ರವನ್ನು ನೋಡಿ. ಬರುವ ಆದಿತ್ಯವಾರ ಪುಟ ಅಂಟಿಸಬೇಕು, ಅಷ್ಟರೊಳಗೆ ತಿಳಿಸಿದರೆ ಉಪಕಾರವಾದೀತು.