ಅಪ್‌ಡೇಟ್: ಕ್ಲಾಂಡೈಕ್ ಮಾಡೆಲ್‌ನ ಹಿಂಭಾಗ ಈಗ ನೆಟ್ಟಗಿದೆ

ಕಿಟ್ ಇಲ್ಲದೆ, ಪೂರ್ತಿ ಮರದಲ್ಲೇ ಎಸ್.ಎಸ್. ಕ್ಲಾಂಡೈಕ್ ಮಾಡೆಲ್ ಕಟ್ಟುತ್ತಿದ್ದೇನೆ, ನೀರು ತಳ್ಳಿ ಹಡಗು ಓಡಿಸುವ ಹಿಂದಿನ ಚಕ್ರದ ಭಾರಕ್ಕೆ ಹಿಂಭಾಗ ಜೋತು ಬೀಳುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಕೆನಡಾದ ಯೂಕಾನ್ ನದಿಯಲ್ಲಿ ಸರಕು ಸಾಗಿಸುತ್ತಿದ್ದ ಸ್ಟೀಮರ್ ಇದು. 1937ರಲ್ಲಿ ಕಟ್ಟಿದ್ದು. ಈಗ ವೈಟ್‌ಹಾರ್ಸ್‌ನಲ್ಲಿ ದಡದ ಮೇಲೆ ನಿಂತಿದೆ. ಉದ್ದ 64 ಮೀಟರ್. ನನ್ನ 1:96 ಅಳತೆಯಲ್ಲಿ ಸುಮಾರು 67 ಸೆಂ.ಮೀ.

ಹಾಗ್ ಚೈನ್‌ಗಳನ್ನು (ಒಡಲು ಬಾಗದಂತೆ ಎಳೆದು ಹಿಡಿಯುವ ಸರಳುಗಳು) ಸುಮ್ನೆ ಅಂದಕ್ಕೆ ಹಾಕಬೇಡಿ, ನಿಜವಾಗಿ ಬಿಗಿಯಿರಿ ಎಂದಿದ್ದಿರಿ. ಅದೇ ಕೆಲಸ ಮಾಡಿತು! ಕಡಿಮೆ ನೀರಲ್ಲಿ ಓಡಬೇಕಾದ ಈ ಹಡಗುಗಳ ತಳ ಚಪ್ಪಟೆ, ಒಡಲು ಉದ್ದ. ಹಿಂದೆ ಚಕ್ರ, ಮುಂದೆ ಬಾಯ್ಲರ್. ಮರ ಬಾಗದೇ ಇರುತ್ತಾ? ಅದಕ್ಕೇ ಡೆಕ್‌ನಿಂದ ಮೇಲೆದ್ದ ಕಂಬಗಳ ತುದಿ ಹಾಯಿಸಿ ಹಿಂದಿನಿಂದ ಮುಂದಕ್ಕೆ ಸರಳು ಎಳೆದು ಕಟ್ಟುತ್ತಿದ್ದರು. ನಾನು 0.4 ಮಿ.ಮೀ. ಹಿತ್ತಾಳೆ ತಂತಿ ಹಾಕಿದೆ. ಕಂಬದ ಬುಡವನ್ನು ಡೆಕ್‌ಗೆ ಅಂಟಿಸದೆ ತಳದ ಉದ್ದದ ದಿಮ್ಮಿಗೇ ಕೂರಿಸಿದೆ. ತಂತಿ ಬಿಗಿಯುತ್ತಿದ್ದಂತೆ ಹಿಂಭಾಗ ಕಣ್ಣೆದುರೇ ಮೇಲೆದ್ದಿತು. ಬೆರಳಲ್ಲಿ ಮೀಟಿದರೆ ಟಿಣ್ ಅನ್ನುತ್ತದೆ. ಅಷ್ಟು ಖುಷಿಯಾಯಿತು.

ಚಕ್ರದ ಕಡ್ಡಿಗಳನ್ನು ಕಾಗದದ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಜೋಡಿಸಿದೆ. ಸಮನಾಗಿ ಬಂದಿವೆ.

ಎಡ ಬಲ ಕ್ರ್ಯಾಂಕ್‌ಗಳನ್ನು (ಎಂಜಿನ್ ತಳ್ಳಿದಾಗ ಚಕ್ರ ತಿರುಗಿಸುವ ತೋಳುಗಳು) 90 ಡಿಗ್ರಿ ಅಂತರದಲ್ಲೇ ಇಡುತ್ತಿದ್ದೇನೆ. ಒಂದು ಬದಿಯ ಎಂಜಿನ್ ತಳ್ಳಾಟದ ತುದಿಗೆ ಬಂದು ನಿಂತಾಗ ಇನ್ನೊಂದು ತಳ್ಳಬೇಕು, ಅಲ್ವಾ? ಮಾಡೆಲ್‌ನಲ್ಲೂ ಅದು ಸರಿಯಾಗಿ ಕಾಣಬೇಕು. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ಕೆಲಸ ಚಿಮಣಿ.