ಕ್ರಿಸ್‌ಮಸ್ ಊಟಕ್ಕೆ ನಿಮ್ಮ ಮನೆಯಲ್ಲಿ ನೆಂಚಿಕೊಳ್ಳಲು ಏನಿಡುತ್ತೀರಿ?

ನಮಸ್ಕಾರ. ನಾವು ಮೈಸೂರಿನ ಗಾಂಧಿನಗರದವರು. ಮಗಳು ಮದುವೆಯಾಗಿ ಇಂಗ್ಲೆಂಡಿನಲ್ಲಿದ್ದಾಳೆ. ಅಳಿಯಂದಿರು ಅಲ್ಲಿಯವರೇ. ಈ ಸಲ ಇಬ್ಬರೂ ಹಬ್ಬಕ್ಕೆ ಬರುತ್ತಿದ್ದಾರೆ, ಅವರಿಗೆ ಇದೇ ಮೊದಲು. ಅವರ ಮನೆಯಲ್ಲಿ ಟರ್ಕಿ ಕೋಳಿ ರೋಸ್ಟ್, ಪಕ್ಕದಲ್ಲಿ ಕ್ರ್ಯಾನ್‌ಬೆರಿ ಸಾಸ್ ಮತ್ತು ಬ್ರೆಡ್ ಸಾಸ್ ಇಲ್ಲದೆ ಹಬ್ಬವೇ ಇಲ್ಲವಂತೆ. ನಮ್ಮಲ್ಲಿ ಪಲಾವ್, ಮಟನ್ ಸಾರು, ಮೊಸರು ಬಜ್ಜಿ, ಉಪ್ಪಿನಕಾಯಿ. ಈ ಸಲ ನಾನೂ ಒಂದು ಕೋಳಿ ರೋಸ್ಟ್ ಮಾಡೋಣ ಅಂತಿದ್ದೇನೆ. ಅದಕ್ಕೆ ನೆಂಚಿಕೊಳ್ಳಲು ಏನು ಮಾಡಲಿ? ಕ್ರ್ಯಾನ್‌ಬೆರಿ ಹಣ್ಣು ಇಲ್ಲಿ ಎಲ್ಲೂ ಕಾಣಲಿಲ್ಲ. ನಿಮ್ಮ ಮನೆ ಪದ್ಧತಿ ಹೇಳಿ.

ಎನ್.ಆರ್. ಮೊಹಲ್ಲಾದಿಂದ:

ಅಮ್ಮಾ, ನಮ್ಮ ಮನೆಯಲ್ಲಿ ಮಾಡುವುದು ಡೆವಿಲ್ ಚಟ್ನಿ. ನಮ್ಮ ತಾತ ರೈಲ್ವೆಯಲ್ಲಿದ್ದರು. ಪಕ್ಕದ ಕ್ವಾರ್ಟರ್ಸಿನಲ್ಲಿ ಒಂದು ಆಂಗ್ಲೋ ಇಂಡಿಯನ್ ಕುಟುಂಬ ಇತ್ತು. ಅವರ ಹಬ್ಬದ ಊಟ ಅಂದರೆ ಹಳದಿ ತೆಂಗಿನಕಾಯಿ ಅನ್ನ, ಖೀಮಾ ಉಂಡೆಯ ಸಾರು, ಜೊತೆಗೆ ಈ ಕೆಂಪು ಚಟ್ನಿ. ಅಜ್ಜಿ ಅವರಿಂದ ಕಲಿತರು, ಅಜ್ಜಿಯಿಂದ ಅಮ್ಮ, ಅಮ್ಮನಿಂದ ನಾನು.

ಒಲೆಯೇ ಬೇಡ ಇದಕ್ಕೆ. ಹತ್ತು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಎರಡು ಮೂರು ಚಮಚ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಹಾಕಿ. ಎರಡು ದಪ್ಪ ಈರುಳ್ಳಿ, ಒಂದು ಹಿಡಿ ಒಣದ್ರಾಕ್ಷಿ, ಉಪ್ಪು ಹಾಕಿ ನುಣ್ಣಗೆ ಅರೆಯಿರಿ. ಕೊನೆಗೆ ಎರಡು ಚಮಚ ಸಕ್ಕರೆ. ನೀರು ಒಂದು ಹನಿಯೂ ಬೇಡ. ಬ್ಯಾಡಗಿಯೇ ಆಗಬೇಕು, ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿ ಹಾಕಿದರೆ ಪಾಪ ನಿಮ್ಮ ಅಳಿಯಂದಿರಿಗೆ ಕಷ್ಟ.

ಅಜ್ಜಿ ಒರಳುಕಲ್ಲಿನಲ್ಲಿ ಅರೆಯುತ್ತಿದ್ದರು. ಅರೆದಾದ ಮೇಲೆ ಉಪ್ಪು ಹುಳಿ ನೋಡುವ ಕೆಲಸ ತಾತನದು, ಬೇರೆ ಯಾರೂ ಬೆರಳು ಹಾಕುವಂತಿಲ್ಲ. ತಾತ ಹೋದ ಮೇಲೆ ಅಪ್ಪ. ಈಗ ನನ್ನ ತಮ್ಮ. ಅವನು ಬೆಂಗಳೂರಿನಿಂದ ಬರುವುದು ತಡವಾದರೆ ಚಟ್ನಿ ಹಾಗೇ ಕಾಯುತ್ತದೆ. ಇಪ್ಪತ್ನಾಲ್ಕರ ರಾತ್ರಿ ಫಿಲೋಮಿನಾ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ, ಚಳಿಯಲ್ಲಿ ನಡುಗುತ್ತಾ ಮನೆಗೆ ಬಂದು, ಬ್ರೆಡ್ಡಿಗೆ ಈ ಚಟ್ನಿ ಸವರಿ ತಿನ್ನುತ್ತೇವೆ. ನನಗೆ ಹಬ್ಬ ಶುರುವಾಗುವುದೇ ಆ ತುತ್ತಿನಿಂದ.

ರೋಸ್ಟ್ ಮಾಡಿದ ಕೋಳಿ ಸ್ವಲ್ಪ ಸಪ್ಪೆ, ಜಿಡ್ಡು. ಅದಕ್ಕೆ ಹುಳಿ, ಸಿಹಿ, ಖಾರ ಬೇಕೇ ಬೇಕು. ಇದರಲ್ಲಿ ಮೂರೂ ಇದೆ.

ಮಂಡ್ಯದಿಂದ:

ಡಿಸೆಂಬರ್‌ನಲ್ಲಿ ನೆಲ್ಲಿಕಾಯಿ ಚೆನ್ನಾಗಿ ಸಿಗುತ್ತದೆ, ಅದನ್ನೇ ಬಳಸಿ ಅಕ್ಕ. ಅರ್ಧ ಕೆಜಿ ಬೆಟ್ಟದ ನೆಲ್ಲಿಕಾಯಿ ಆವಿಯಲ್ಲಿ ಬೇಯಿಸಿ, ಬೀಜ ತೆಗೆದು ಮಸೆದುಕೊಳ್ಳಿ. ಅಷ್ಟೇ ತೂಕದ ಬೆಲ್ಲ, ಒಂದಿಂಚು ಶುಂಠಿ, ನಾಲ್ಕು ಲವಂಗ, ಚಿಟಿಕೆ ಉಪ್ಪು, ಸ್ವಲ್ಪ ಖಾರದ ಪುಡಿ ಹಾಕಿ ಗಟ್ಟಿಯಾಗುವ ತನಕ ಕೈಯಾಡಿಸಿ. ನಮ್ಮ ಕಡೆ ಆಲೆಮನೆಯಿಂದ ತಂದ ಬೆಲ್ಲ ಹಾಕುತ್ತೇವೆ, ಬಣ್ಣ ಕಪ್ಪಾಗುತ್ತದೆ, ರುಚಿ ಮಾತ್ರ ಸಕ್ಕರೆಗಿಂತ ಎಷ್ಟೋ ಮೇಲು. ಹದಿನೈದು ದಿನ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ನಮ್ಮತ್ತೆ ಇದನ್ನು ಕೋಳಿ ಹುರಿದದ್ದಕ್ಕೂ ಬಡಿಸುತ್ತಾರೆ, ಮಾರನೆಯ ದಿನ ದೋಸೆಗೂ ಬಡಿಸುತ್ತಾರೆ.

ಮೈಸೂರು ವಿಜಯನಗರದಿಂದ:

ನಾನು ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಎಂಟು ವರ್ಷ ಇದ್ದೆ. ಅಲ್ಲಿನ ಪದ್ಧತಿ ಸ್ವಲ್ಪ ಹೇಳುತ್ತೇನೆ. ಅಲ್ಲಿ ಯಾವ ಮಾಂಸಕ್ಕೆ ಯಾವುದು ಅಂತ ಲೆಕ್ಕ ಇದೆ. ಕುರಿಮರಿ ಮಾಂಸಕ್ಕೆ ಪುದೀನ ಸಾಸ್, ದನದ ಮಾಂಸಕ್ಕೆ ಹಾರ್ಸ್‌ರ‍್ಯಾಡಿಶ್ ಎಂಬ ಘಾಟಿನ ಗೆಡ್ಡೆ, ಹ್ಯಾಮ್‌ಗೆ ಸಾಸಿವೆ. ಟರ್ಕಿ ಕೋಳಿಯೂ ಕ್ರ್ಯಾನ್‌ಬೆರಿ ಸಾಸೂ ಅಮೆರಿಕದ ಕಡೆಯಿಂದ ಬಂದವು. ಬ್ರೆಡ್ ಸಾಸ್ ಮಾತ್ರ ಅವರ ಹಳೆಯ ಅಡುಗೆ. ಅದು ತುಂಬಾ ಸುಲಭ, ಇಲ್ಲೇ ಮಾಡಬಹುದು. ಒಂದು ಈರುಳ್ಳಿಗೆ ಐದಾರು ಲವಂಗ ಚುಚ್ಚಿ, ಪಲಾವ್ ಎಲೆ, ಕಾಳುಮೆಣಸಿನ ಜೊತೆ ಅರ್ಧ ಲೀಟರ್ ಹಾಲಿನಲ್ಲಿ ಕುದಿಸಿ. ಅರ್ಧ ಗಂಟೆ ಮುಚ್ಚಿಡಿ. ಸೋಸಿ, ಬಿಳಿ ಬ್ರೆಡ್ಡಿನ ಪುಡಿ, ಬೆಣ್ಣೆ, ಉಪ್ಪು ಹಾಕಿ ಗಂಜಿಯ ಹದಕ್ಕೆ ತನ್ನಿ. ಬಿಸಿಯಾಗಿಯೇ ಬಡಿಸಬೇಕು.

ಕ್ರ್ಯಾನ್‌ಬೆರಿಯಲ್ಲಿ ಹುಳಿಯೂ ಜಾಸ್ತಿ, ಪೆಕ್ಟಿನ್ನೂ ಜಾಸ್ತಿ. ಅದಕ್ಕೇ ಸಕ್ಕರೆ ಹಾಕಿ ಕುದಿಸಿದರೆ ಸಾಕು, ತಾನೇ ಗಟ್ಟಿಯಾಗುತ್ತದೆ. ನಮ್ಮಲ್ಲಿ ಅದಕ್ಕೆ ತೀರಾ ಹತ್ತಿರದ್ದು ಕೆಂಪು ಪುಂಡಿ. ಎಲೆಯಲ್ಲ, ಹೂವು ಬಾಡಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಕೆಂಪು ಎಸಳು. ಜಮೈಕಾದಲ್ಲಿ ಇದರ ಪಾನಕ ಕ್ರಿಸ್‌ಮಸ್‌ಗೆ ಕಡ್ಡಾಯ. ಯಾರ ಹಿತ್ತಲಲ್ಲಾದರೂ ಗಿಡ ಇದ್ದರೆ ಕೇಳಿ ನೋಡಿ. ಎಸಳು ಬಿಡಿಸಿ, ಮುಳುಗುವಷ್ಟು ನೀರು, ಸಕ್ಕರೆ, ಒಂದು ಕಿತ್ತಳೆಯ ರಸ ಹಾಕಿ ಕುದಿಸಿ. ಬಣ್ಣ ನೋಡಿದರೆ ನಿಮ್ಮ ಅಳಿಯಂದಿರು ಕ್ರ್ಯಾನ್‌ಬೆರಿ ಅಂತಲೇ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಅಲ್ಲಿ ಮಾರನೆಯ ದಿನ, 26ಕ್ಕೆ, ಉಳಿದ ಮಾಂಸವನ್ನು ತಣ್ಣಗೇ ತಿನ್ನುತ್ತಾರೆ. ಅದರ ಜೊತೆ ಇಡುವುದೇನು ಗೊತ್ತಾ? ಚಟ್ನಿ. ಪದವೂ ನಮ್ಮ ದೇಶದ್ದೇ. ಹಣ್ಣು, ಸಕ್ಕರೆ, ವಿನೆಗರ್ ಹಾಕಿ ಕುದಿಸಿದ ಸಿಹಿ ಚಟ್ನಿ ಅದು. ನಮ್ಮ ಊರಿನಿಂದ ಅಷ್ಟು ದೂರ, ಕತ್ತಲೆ, ಮಳೆ. ಆ ತಟ್ಟೆಯಲ್ಲಿ ಮಾವಿನಕಾಯಿ ಚಟ್ನಿ ಕಂಡಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಬನ್ನಿಮಂಟಪದಿಂದ:

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ನಾನು ಹೇಳುವುದು ಒಂದೇ, ನಿಮ್ಮ ಉಪ್ಪಿನಕಾಯಿ ಜಾಡಿಯನ್ನು ದಯವಿಟ್ಟು ಒಳಗಿಡಬೇಡಿ.

ನಮ್ಮಣ್ಣ ಅಮೆರಿಕದಿಂದ ಅತ್ತಿಗೆಯನ್ನು ಮೊದಲ ಸಲ ಕರೆದುಕೊಂಡು ಬಂದಾಗ ಅಮ್ಮನಿಗೆ ಭಾರಿ ಸಂಕೋಚ. ದುಬಾರಿ ಬೆಲೆಯ ಸಾಸ್ ಬಾಟಲಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿಟ್ಟರು. ಪ್ರತಿ ವರ್ಷ ಇಡುತ್ತಿದ್ದ ಹೇರಳೆಕಾಯಿ ಉಪ್ಪಿನಕಾಯಿ, ವಾಸನೆ ಜಾಸ್ತಿ ಅಂತ ಅಡುಗೆಮನೆಯಲ್ಲೇ ಉಳಿಯಿತು. ಅಣ್ಣ ಊಟಕ್ಕೆ ಕೂತವನು ಎರಡು ತುತ್ತು ತಿಂದು ಸುಮ್ಮನಾದ. ಆಮೇಲೆ ಎದ್ದು ಒಳಗೆ ಹೋಗಿ ಜಾಡಿ ತಂದ. ಅತ್ತಿಗೆ ಮೊದಲು ಬಡಿಸಿಕೊಂಡದ್ದೂ ಅದನ್ನೇ. ಆರು ವರ್ಷದಿಂದ ಇವರು ಇದರ ಬಗ್ಗೆಯೇ ಹೇಳುತ್ತಿದ್ದಾರೆ ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಇನ್ನೂ ನೆನಪಿದೆ. ನಿಮ್ಮ ಮಗಳೂ ಅಲ್ಲಿ ಏನನ್ನೋ ನೆನೆಸಿಕೊಂಡು ಬರುತ್ತಿರುತ್ತಾಳೆ ಅಲ್ವಾ? ಅದೇನು ಅಂತ ಮೊದಲು ಅವಳನ್ನೇ ಕೇಳಿ.

ಹಂದಿ ಮಾಂಸವನ್ನೂ ಮಾಡುವುದಾದರೆ ಕೊಡಗಿನ ಕಾಚಂಪುಳಿ, ಅಂದರೆ ಹಣ್ಣಿನ ರಸದಿಂದ ಮಾಡುವ ಕಪ್ಪು ಹುಳಿ, ಒಂದು ಸಣ್ಣ ಬಾಟಲಿ ತನ್ನಿ, ಮೈಸೂರಿನಲ್ಲಿ ಸಿಗುತ್ತದೆ. ಹಚ್ಚಿದ ಈರುಳ್ಳಿಗೆ ಅರ್ಧ ಚಮಚ ಸಾಕು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಮಗಳಿಗೆ ಫೋನ್ ಮಾಡಿ ಕೇಳಿದೆ. ನಮ್ಮತ್ತೆಯವರ ನಿಂಬೆಕಾಯಿ ಉಪ್ಪಿನಕಾಯಿ, ಮೊಸರು ಬಜ್ಜಿ ಅಂದಳು. ಬೇರೆ ಏನೂ ಕೇಳಲಿಲ್ಲ. ಅವೆರಡೂ ಇರುತ್ತವೆ. ಅಳಿಯಂದಿರಿಗೆ ಬ್ರೆಡ್ ಸಾಸ್, ಎಲ್ಲರಿಗೂ ಡೆವಿಲ್ ಚಟ್ನಿ. ನೆಲ್ಲಿಕಾಯಿಯದು ಈ ಭಾನುವಾರವೇ ಮಾಡಿಡುತ್ತೇನೆ. ಡೆವಿಲ್ ಚಟ್ನಿಯನ್ನು ಎಷ್ಟು ದಿನ ಮೊದಲು ಅರೆಯಬಹುದು?

ಎನ್.ಆರ್. ಮೊಹಲ್ಲಾದಿಂದ:

ಇಪ್ಪತ್ಮೂರಕ್ಕೆ ಅರೆಯಿರಿ ಅಮ್ಮಾ. ಒಂದು ದಿನ ಕೂತರೆ ಹಸಿ ಈರುಳ್ಳಿಯ ಘಾಟು ಇಳಿಯುತ್ತದೆ. ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ವಿನೆಗರ್ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ. ಉಪ್ಪು ಹುಳಿ ನೋಡುವುದಕ್ಕೆ ಮಗಳನ್ನೇ ಕರೆಯಿರಿ.