ತಿಪಟೂರು ಬೈಪಾಸ್: ಊರಿಗೆ ಉಸಿರೋ, ಅಂಗಡಿಗೆ ಬೀಗವೋ?

ಬಿ.ಎಚ್. ರೋಡ್ ವಾಸಿ
ಬೈಪಾಸ್ ಯಾಕೆ ಬೇಕಿತ್ತು ಅಂತ ಇನ್ನೂ ಗೊಣಗುತ್ತಿರೋರು ಒಂದು ರಾತ್ರಿ ನಮ್ಮ ಮನೇಲಿ ಬಂದು ಮಲಗಿ. ಬೆಂಗಳೂರು–ಹೊನ್ನಾವರದ ಲಾರಿ, ಶಿವಮೊಗ್ಗದ ಬಸ್ಸು, ಜಲ್ಲಿ ಟಿಪ್ಪರ್ ಎಲ್ಲಾ ನಮ್ಮ ಬಾಗಿಲ ಮುಂದೆಯೇ. ಶಾಲೆ ಬಿಡೋ ಹೊತ್ತಲ್ಲಿ ಮಕ್ಕಳನ್ನ ರಸ್ತೆ ದಾಟಿಸೋದು ದೇವರ ಮೇಲೆ ಭಾರ. ಹಳೇ 206 ಹೆದ್ದಾರಿ ನಾಲ್ಕು ಪಥ ಆಗ್ತಾ ಇದೆ, ಜೊತೆಗೆ ಬೈಪಾಸೂ ಬರ್ತಿದೆ, ಬರಲಿ. ವ್ಯಾಪಾರ ಹೋಯ್ತು ಅಂತ ಅಳೋ ಅಂಗಡಿಯವರೇ, ಹೊನ್ನಾವರದ ಮೀನಿನ ಲಾರಿಯವನು ನಿಮ್ಮಲ್ಲಿ ಯಾವತ್ತು ಸೀರೆ ತಗೊಂಡಿದ್ದ?

ಮಂಡಿ ಹುಡುಗ
ಸೀರೆ ತಗೊಳ್ಳಲ್ಲ ಸ್ವಾಮಿ, ಒಪ್ಪಿದೆ. ಟೀ ಕುಡೀತಾನೆ, ಪಂಕ್ಚರ್ ಹಾಕಿಸ್ತಾನೆ, ಮುದ್ದೆ ಊಟ ಮಾಡ್ತಾನೆ. ಮದ್ದೂರಿಗೆ ಹೋಗಿ ನೋಡ್ಕೊಂಡು ಬನ್ನಿ. 2023ರ ಮಾರ್ಚ್ 12ಕ್ಕೆ ಮೈಸೂರು ದಶಪಥ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಪಕ್ಕಕ್ಕೆ ಸರಿದವು. ಗೊಂಬೆ ಅಂಗಡಿಯವರು, ವಡೆ ಹೋಟೆಲಿನವರು ಗಿರಾಕಿ ಇಲ್ಲ ಅಂತ ಬಾಯಿ ಬಡ್ಕೊಂಡಿದ್ದು ಪೇಪರ್‌ನಲ್ಲೆಲ್ಲಾ ಬಂತು. ನಾಳೆ ನಮ್ಮ ಕಥೆನೂ ಅದೇ.

ಅಂದಹಾಗೆ ಅದು 206 ಅಲ್ಲ. 2010ರಲ್ಲಿ ನಂಬರ್ ಬದಲಾಯ್ತು, ಈಗ 73.

ಬಿ.ಎಚ್. ರೋಡ್ ವಾಸಿ
ನಂಬರ್ ತಿದ್ದೋಕೆ ಬಂದ್ರಾ? ಊರಲ್ಲಿ ಯಾರನ್ನ ಕೇಳಿದ್ರೂ 206 ಅಂತಾನೇ ಹೇಳೋದು.

ತೋಟದ ಮನೆ
ಊರೊಳಗಿನ ಮಾತು ಹಾಗಿರಲಿ. ನಮ್ಮ ತೋಟದ ನಡುವೆಯೇ ಮಣ್ಣಿನ ಏರಿ ಎದ್ದಿದೆ. ಮನೆ, ಕೊಟ್ಟಿಗೆ, ಬೋರ್‌ವೆಲ್ ಈ ಕಡೆ, ಉಳಿದ ತೆಂಗು ಆ ಕಡೆ. ಗಾಡಿ ದಾರಿ ಮುಚ್ಚಿಹೋಯ್ತು. ಕಾಯಿ ಕೆಡವಿದ ದಿನ ಟ್ರ್ಯಾಕ್ಟರ್ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ಸುತ್ತಿಕೊಂಡು ಬರಬೇಕು. ಹಳ್ಳದ ನೀರಿಗೆ ಅಂತ ಇಟ್ಟಿರೋ ಮೋರಿ ಹಳ್ಳಕ್ಕಿಂತ ಮೇಲಿದೆ, ಜೋರು ಮಳೆ ಬಂದ್ರೆ ನೀರು ತೋಟದಲ್ಲೇ ನಿಲ್ಲುತ್ತೆ. ಡಾಂಬರು ಬೀಳೋಕೆ ಮುಂಚೆ ಇದಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಗೊತ್ತಿರೋರು ಹೇಳ್ತೀರಾ?

ಕಾನೂನು ಕಟ್ಟೆ
"ಉಳಿದ ತೆಂಗು" ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡೋಣ. 1956ರ ಹೆದ್ದಾರಿ ಕಾಯ್ದೆ ಪ್ರಕಾರ, ಜಮೀನು ತಗೋತೀವಿ ಅನ್ನೋ 3ಎ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 21 ದಿನ. 3ಡಿ ಘೋಷಣೆ ಆದ ಮೇಲೆ ಜಮೀನು ಕೇಂದ್ರ ಸರ್ಕಾರದ್ದು. ಪರಿಹಾರದ ಲೆಕ್ಕ ಮಾತ್ರ 2013ರ ಭೂಸ್ವಾಧೀನ ಕಾಯ್ದೆಯಂತೆ: ಜಮೀನಿನ ಬೆಲೆಗೆ ಮರ, ಬೋರ್‌ವೆಲ್, ಕಟ್ಟಡದ ಬೆಲೆ ಸೇರಿಸಿ, ಆ ಮೊತ್ತದ ಮೇಲೆ ಶೇ 100 ಸೊಲೇಷಿಯಂ, ಅಂದ್ರೆ ಬಲವಂತವಾಗಿ ಜಮೀನು ತಗೊಂಡಿದ್ದಕ್ಕೆ ಕೊಡೋ ಹೆಚ್ಚುವರಿ ದುಡ್ಡು. ಸೊಲೇಷಿಯಂ ಕೊಡದೆ ಇರೋ ಹಾಗಿಲ್ಲ ಅಂತ 2019ರಲ್ಲಿ ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಡಿಮೆ ಆಯ್ತು ಅನ್ಸಿದ್ರೆ ಹೆದ್ದಾರಿ ಕಾಯ್ದೆಯ 3ಜಿ(5) ಕೆಳಗೆ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಮುಂದೆ ಹೋಗಿ. ರೈತರು ಓದಲ್ಲ, ಆಮೇಲೆ ಅಳ್ತಾರೆ.

ತೋಟದ ಮನೆ
ನಾನು ಕೇಳಿದ್ದು ದಾರಿ ಮತ್ತು ಮೋರಿ. ದುಡ್ಡಿನ ಮಾತು ಎಲ್ಲಿ ಬಂತು?

ಮಂಡಿ ಹುಡುಗ
ಬಂದಿದ್ದು ಒಳ್ಳೇದೇ ಆಯ್ತು. ಮರಕ್ಕೆ ಬೆಲೆ ಕಟ್ಟೋದು ಯಾವ ದಿನದ ಲೆಕ್ಕಕ್ಕೆ? 3ಎ ಬಂದ ದಿನದ್ದು. ಆಗ ಕೊಬ್ಬರಿ ನೆಲ ಕಚ್ಚಿತ್ತು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 2024ಕ್ಕೆ ಕ್ವಿಂಟಲ್‌ಗೆ 12,000, 2025ಕ್ಕೆ 12,100. ಅದೇ 2025ರಲ್ಲಿ ಮಂಡಿ ಹರಾಜಿನಲ್ಲಿ 20 ಸಾವಿರ ದಾಟಿ ಹೋಯ್ತು. ಮರ ಕಳ್ಕೊಂಡವನು ಆ ರೇಟನ್ನ ದೂರದಿಂದ ನೋಡ್ಕೊಂಡು ಕೂರಬೇಕು. ಇದಕ್ಕೆ ಯಾವ ಸೆಕ್ಷನ್ ಇದೆ ಹೇಳಿ ಲಾಯರ್ ಸಾಹೇಬ್ರೇ.

ಕಾನೂನು ಕಟ್ಟೆ
2013ರ ಕಾಯ್ದೆಯ ಸೆಕ್ಷನ್ 30(3). ಮಾರುಕಟ್ಟೆ ಬೆಲೆ ಮೇಲೆ ವರ್ಷಕ್ಕೆ ಶೇ 12 ಹೆಚ್ಚುವರಿ. ನಾನು ಲಾಯರ್ ಅಂತ ಎಲ್ಲೂ ಹೇಳಿಲ್ಲ.

ಮಂಡಿ ಹುಡುಗ
ಶೇ 12! ಕೊಬ್ಬರಿ ದುಪ್ಪಟ್ಟಾಯ್ತು ಅಂತ ನಾನು ಹೇಳ್ತಿದ್ರೆ ಇವರು ಶೇ 12 ಅಂತಾರೆ.

ಕ್ಯಾತ್ಸಂದ್ರದವ
ಮೇಲೆ ಯಾರೋ ಮದ್ದೂರಿನ ಹೆಸರು ಹೇಳಿ ಹೆದರಿಸ್ತಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ಕ್ಯಾತ್ಸಂದ್ರಕ್ಕೆ ಬನ್ನಿ. ತುಮಕೂರಿಗೆ ಬೈಪಾಸ್ ಆಗಿ ಎಷ್ಟೋ ವರ್ಷ ಆಯ್ತು. ತಟ್ಟೆ ಇಡ್ಲಿ ನಿಂತೋಯ್ತಾ? ಭಾನುವಾರ ಬೆಳಿಗ್ಗೆ ಬಂದು ಕೂರೋಕೆ ಜಾಗ ಹುಡುಕಿ ನೋಡಿ. ಸರಕು ಚೆನ್ನಾಗಿದ್ರೆ ಗಿರಾಕಿ ಹೆದ್ದಾರಿ ಬಿಟ್ಟು ಇಳಿದು ಬರ್ತಾನೆ. ಮದ್ದೂರಿಗೆ ಬರ್ತಿಲ್ಲ ಅಂದ್ರೆ ತಪ್ಪು ರಸ್ತೇದಲ್ಲ, ವಡೇದು.

ಮಂಡಿ ಹುಡುಗ
ಕ್ಯಾತ್ಸಂದ್ರ ಹೆದ್ದಾರಿ ಬಾಯಲ್ಲೇ ಕೂತಿದೆ ಕಣಣ್ಣ. ಸರ್ವಿಸ್ ರಸ್ತೆಗೆ ಇಳಿದ್ರೆ ಇಡ್ಲಿ. ತಿಪಟೂರು ಬೈಪಾಸ್‌ನಿಂದ ಬಸ್‌ಸ್ಟ್ಯಾಂಡಿಗೆ ಬರಬೇಕು ಅಂದ್ರೆ ಊರೆಲ್ಲಾ ಸುತ್ತಬೇಕು. ಎರಡಕ್ಕೂ ಹೋಲಿಕೆನಾ?

ಸಕ್ಕರೆ ಸೀಮೆ
"ತಪ್ಪು ವಡೇದು" ಅಂದೋರು ಯಾರಪ್ಪ? ಮುಖ ತೋರ್ಸಿ. ಮದ್ದೂರು ವಡೆ ಹುಟ್ಟಿದ್ದು 1917ರಲ್ಲಿ ಅಂತಾರೆ, ಅದೂ ರೈಲ್ವೆ ಸ್ಟೇಷನ್ನಲ್ಲಿ. ಆಗ ನಿಮ್ಮ ಹೆದ್ದಾರಿ ಎಲ್ಲಿತ್ತು? ಇವತ್ತೂ ಮೈಸೂರು ರೈಲಲ್ಲಿ ಬುಟ್ಟಿ ಹೊತ್ಕೊಂಡು ಮಾರ್ತಾರೆ. ನಮ್ಮ ವಡೆಗೆ ಯಾವ ರಸ್ತೆ ಹಂಗೂ ಇಲ್ಲ.

ಬಿ.ಎಚ್. ರೋಡ್ ವಾಸಿ
ನೋಡಿ, ಮದ್ದೂರಿನ ಕಡೆಯವರೇ ಹೇಳ್ತಿದ್ದಾರೆ, ರಸ್ತೆ ಹಂಗಿಲ್ಲ ಅಂತ. ಮಂಡಿ ಹುಡುಗ ಈಗ ಏನಂತಾರೆ?

ಮಂಡಿ ಹುಡುಗ
ರೈಲಲ್ಲಿ ಮಾರೋನು ಬೇರೆ, ರಸ್ತೇಲಿ ಹೋಟೆಲ್ ಇಟ್ಟೋನು ಬೇರೆ. ಬುಟ್ಟಿಯವನಿಗೆ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ. ಸಕ್ಕರೆ ಸೀಮೆಯವರೇ, ಹಳೇ ರಸ್ತೆ ಹೋಟೆಲ್‌ಗಳಿಗೆ ಪೆಟ್ಟು ಬಿತ್ತೋ ಇಲ್ವೋ, ಹೌದು ಅಥವಾ ಇಲ್ಲ ಅಂತ ಹೇಳಿ.

ಸಕ್ಕರೆ ಸೀಮೆ
ಪೆಟ್ಟು ಬಿದ್ದಿದ್ದು ಹೋಟೆಲ್‌ಗೆ, ವಡೆಗಲ್ಲ. ವಡೆ ಬಗ್ಗೆ ಮಾತಾಡೋಕೆ ಮುಂಚೆ ಈರುಳ್ಳಿ ಹೆಚ್ಚೋದು ಕಲೀರಿ. ಅಲ್ಲಾ, ತಟ್ಟೆ ಇಡ್ಲಿ ನಿಮ್ಮದು ಅಂತ ಯಾರು ಹೇಳಿದ್ದು? ಅದು ಬಿಡದಿದು.

ಕ್ಯಾತ್ಸಂದ್ರದವ
ಬಿಡದಿದಾ!? ಮಂಡ್ಯದವರು ಬಿಡದಿ ಪರ ವಕಾಲತ್ತು ಯಾವಾಗ ತಗೊಂಡ್ರಿ? ಸಿದ್ಧಗಂಗೆ ಜಾತ್ರೆಗೆ ದನ ಕಟ್ಟೋಕೆ ಬರ್ತಿದ್ದ ನಮ್ಮ ಅಜ್ಜಂದಿರು ಬೆಳಿಗ್ಗೆ ತಿಂತಿದ್ದದ್ದೇನು, ಪಿಜ್ಜಾನಾ? ನಮ್ಮ ಗಿರಾಕಿ ಮಠಕ್ಕೆ ಬರೋ ಭಕ್ತರು. ಅವರು ಹೆದ್ದಾರಿ ಎಲ್ಲಿದೆ ಅಂತ ನೋಡ್ಕೊಂಡು ಬರಲ್ಲ.

ಮಂಡಿ ಹುಡುಗ
ಸಿಕ್ಕಿಬಿದ್ರಿ. "ಗಿರಾಕಿ ಮಠಕ್ಕೆ ಬರೋ ಭಕ್ತರು." ಅಂದ್ರೆ ಇಡ್ಲಿ ಉಳಿದದ್ದು ಸರಕು ಚೆನ್ನಾಗಿದೆ ಅಂತಲ್ಲ, ಮಠ ಇದೆ ಅಂತ. ತಿಪಟೂರಿನ ಟೀ ಅಂಗಡಿಗೆ ಯಾವ ಮಠ ಕಟ್ಟಿಸಿಕೊಡ್ತೀರಿ?

ಕ್ಯಾತ್ಸಂದ್ರದವ
ಮಠದ ವಿಷಯ ಎಳೀಬೇಡಿ. ಹುಷಾರ್. ಇಡ್ಲಿ ಬಗ್ಗೆ ಮಾತಾಡಿ, ಮಠದ ಬಗ್ಗೆ ಬೇಡ.

ಮಂಡಿ ಹುಡುಗ
ಎಳೆದಿದ್ದು ನೀವು!

ಅರಸೀಕೆರೆ ಪ್ಯಾಸೆಂಜರ್
ಬೈಪಾಸ್ ಅಂತ ಓದೋಕೆ ಬಂದೆ, ಈಗ ಹಸಿವಾಗ್ತಿದೆ. ನಾನಂತೂ ಬೆಂಗಳೂರಿಗೆ ರೈಲಲ್ಲೇ ಹೋಗೋದು. ನಿಮ್ಮ ನಾಲ್ಕು ಪಥ ಮುಗಿಯೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ.

ಸಕ್ಕರೆ ಸೀಮೆ
ರೈಲಲ್ಲೇ ಹೋಗಿ, ಒಳ್ಳೇದು. ಆ ಲೈನಲ್ಲಿ ವಡೆ ಸಿಗಲ್ಲ ಅನ್ನೋದೇ ಬೇಜಾರು.

ತೋಟದ ಮನೆ
ಅಣ್ಣಂದಿರೇ, ಇಡ್ಲಿ ವಡೆ ಆಮೇಲೆ ನೋಡ್ಕೊಳ್ಳಿ. ಗುತ್ತಿಗೆದಾರರ ಕಡೆ ಸೂಪರ್‌ವೈಸರ್‌ಗೆ ಮೋರಿ ತೋರಿಸಿದೆ. "ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಹಾಕಿದೀವಿ" ಅಂದ. ಡ್ರಾಯಿಂಗ್ ಕೊಡಿ ಅಂದ್ರೆ "ಆಫೀಸಲ್ಲಿ ಕೇಳಿ" ಅಂತಾನೆ. ಆಫೀಸಲ್ಲಿ "ಸೈಟಲ್ಲಿ ಕೇಳಿ" ಅಂತಾರೆ.

ಬಿ.ಎಚ್. ರೋಡ್ ವಾಸಿ
ತೋಟದ ಮನೆಯವರೇ, ನಿಮ್ಮ ಕಷ್ಟ ನಿಜ. ಆದ್ರೆ ಅಭಿವೃದ್ಧಿ ಅಂದ್ರೆ ಯಾರಾದ್ರೂ ಸ್ವಲ್ಪ ಬಿಟ್ಟುಕೊಡಲೇಬೇಕು.

ತೋಟದ ಮನೆ
"ಯಾರಾದ್ರೂ" ಅಂದ್ರೆ ಯಾವಾಗಲೂ ನಾವೇನಾ? ಅಗಲ ಮಾಡೋಕೆ ಬಿ.ಎಚ್. ರಸ್ತೆ ಪಕ್ಕದ ಮನೆಗಳನ್ನೇ ಒಡೀತೀವಿ ಅಂದಿದ್ರೆ ನೀವು ಸ್ವಲ್ಪ ಬಿಟ್ಟುಕೊಡ್ತಿದ್ರಾ? ತೆಂಗಿನ ಗಿಡ ಇಟ್ಟು ಫಲಕ್ಕೆ ಬರೋಕೆ ಎಷ್ಟು ವರ್ಷ ಬೇಕು ಅಂತ ನಿಮಗೆ ಗೊತ್ತಾ? ಕಾಯಿ ಅಟ್ಟಕ್ಕೆ ಹಾಕಿ, ಒಂದು ವರ್ಷದ ಹತ್ರ ಕಾದು, ಸುಲಿದು, ಒಡೆದು ಮಂಡಿಗೆ ಹಾಕ್ತೀವಿ. ನಿಮಗೆ ಹಾರ್ನ್ ನಿಂತ್ರೆ ಸಾಕು.

ಬಿ.ಎಚ್. ರೋಡ್ ವಾಸಿ
ಏಕವಚನಕ್ಕೆ ಇಳಿಯೋ ಮುಂಚೆ ಯೋಚನೆ ಮಾಡಿ ಬರೀರಿ.

ತೋಟದ ಮನೆ
ಎಲ್ಲಿ ಏಕವಚನ ಬಳಸಿದೀನಿ, ತೋರಿಸಿ.

ಕಾನೂನು ಕಟ್ಟೆ
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಟೋಲ್. 2008ರ ಶುಲ್ಕ ನಿಯಮದಲ್ಲಿ, 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಖರ್ಚಿನ ಬೈಪಾಸ್‌ಗೆ ಕಿಲೋಮೀಟರ್ ದರ ಮಾಮೂಲಿಗಿಂತ ಒಂದೂವರೆ ಪಟ್ಟು. ಹತ್ತು ಕೋಟಿಗೆ ಈ ಕಾಲದಲ್ಲಿ ಒಂದು ಸೇತುವೆನೂ ಸರಿಯಾಗಿ ಬರಲ್ಲ. ಹಾರ್ನ್ ನಿಲ್ಲುತ್ತೆ ಅಂತ ಕುಣಿಯೋರು ಇದನ್ನೂ ಓದ್ಕೊಳ್ಳಿ.

ಬಿ.ಎಚ್. ರೋಡ್ ವಾಸಿ
ವಾರ್ಷಿಕ ಪಾಸ್ ಬಂದಿದೆ ಸ್ವಾಮಿ. 2025ರ ಆಗಸ್ಟ್ 15ರಿಂದ. ಶುರುವಾದಾಗ 3,000 ರೂಪಾಯಿಗೆ 200 ಸಲ. ಇದನ್ನ ಯಾಕೆ ಹೇಳಲಿಲ್ಲ?

ಕಾನೂನು ಕಟ್ಟೆ
ಅದು ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಕೊಬ್ಬರಿ ಲಾರಿಗೆ ಇಲ್ಲ. ಅದನ್ನ ನೀವು ಯಾಕೆ ಹೇಳಲಿಲ್ಲ?

ಮಂಡಿ ಹುಡುಗ
ಲಾರಿ ಅಂದ್ರಲ್ಲ, ಕೇಳಿ. ಎಪಿಎಂಸಿ ಇರೋದು ಊರೊಳಗೆ. ಬೈಪಾಸ್ ಆದ್ರೂ ಕೊಬ್ಬರಿ ಲಾರಿ ಬಿ.ಎಚ್. ರಸ್ತೆಗೇ ಬರಬೇಕು. ಹೊರಗಿನ ಗಿರಾಕಿ ಹೋಗ್ತಾನೆ, ಲಾರಿ ಉಳಿಯುತ್ತೆ. ಮಲಗಿ ಸ್ವಾಮಿ ಆರಾಮಾಗಿ, ಹಾರ್ನ್ ಎಲ್ಲೂ ಹೋಗಲ್ಲ.

ಬಿ.ಎಚ್. ರೋಡ್ ವಾಸಿ
ಕೊಬ್ಬರಿ ಲಾರಿ ಹರಾಜಿನ ದಿನ ಬರುತ್ತೆ. ಹೊನ್ನಾವರದ ಲಾರಿ ದಿನಾ ಬರುತ್ತೆ. ಲೆಕ್ಕ ಮಾಡಿ.

ಕ್ಯಾತ್ಸಂದ್ರದವ
ಮಾತು ಮರೆಸಬೇಡಿ. ತಟ್ಟೆ ಇಡ್ಲಿ ಬಿಡದಿದು ಅಂದ ಮಹಾನುಭಾವರು ಇನ್ನೂ ಸಾಕ್ಷಿ ಕೊಟ್ಟಿಲ್ಲ.

ಸಕ್ಕರೆ ಸೀಮೆ
ಬಿಡದಿ ಹೆಸರಲ್ಲಿ ಬೆಂಗಳೂರು ತುಂಬಾ ಬೋರ್ಡ್ ಇದೆ. ಕ್ಯಾತ್ಸಂದ್ರದ ಹೆಸರಲ್ಲಿ ಎಷ್ಟಿದೆ, ಎಣಿಸಿ ಹೇಳಿ.

ಕ್ಯಾತ್ಸಂದ್ರದವ
ಬೋರ್ಡ್ ಹಾಕೋದು ಹೆಸರಿಲ್ಲದೋರು. ನಮ್ಮಲ್ಲಿ ಸಂದಿ ಒಳಗಿನ ಹೋಟೆಲ್‌ಗೂ ಜನ ದಾರಿ ಕೇಳ್ಕೊಂಡು ಬರ್ತಾರೆ. ನೀವು ದಶಪಥದಲ್ಲಿ ಬೈಕೂ ಓಡಿಸೋ ಹಾಗಿಲ್ಲ, 2023ರ ಆಗಸ್ಟ್ 1ರಿಂದ ಟೂ ವೀಲರ್, ಆಟೋ, ಟ್ರ್ಯಾಕ್ಟರ್ ನಿಷೇಧ. ನಿಮ್ಮೂರ ರಸ್ತೆ ಮೇಲೆ ನೀವೇ ಹೋಗೋಕಾಗಲ್ಲ, ನಮಗೆ ಪಾಠ ಹೇಳ್ತೀರಿ.

ತೋಟದ ಮನೆ
ಟ್ರ್ಯಾಕ್ಟರ್ ನಿಷೇಧನಾ? ಇಲ್ಲೂ ಮಾಡ್ತಾರಾ?

ಮಂಡಿ ಹುಡುಗ
ಮಾಡೇ ಮಾಡ್ತಾರೆ. ಇವತ್ತು ದಾರಿ, ನಾಳೆ ಟ್ರ್ಯಾಕ್ಟರ್.

ಕಾನೂನು ಕಟ್ಟೆ
ಸುಮ್ಮನೆ ಹೆದರಿಸಬೇಡಿ. ಅದು ಪ್ರವೇಶ ನಿಯಂತ್ರಿತ ಹೆದ್ದಾರಿ, ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ ಅಂತ ನಿಷೇಧ ಮಾಡಿದ್ದು. ಇದು ಸಾಮಾನ್ಯ ನಾಲ್ಕು ಪಥ.

ತೋಟದ ಮನೆಯವರೇ, ನಿಮ್ಮ ಗಾಡಿ ದಾರಿ ನಕಾಶೆ ದಾರಿನಾ, ರೂಢಿ ದಾರಿನಾ?

ತೋಟದ ಮನೆ
ಗ್ರಾಮ ನಕಾಶೆಯಲ್ಲಿ ಚುಕ್ಕಿ ಗೆರೆ ಇದೆ. ನಮ್ಮ ತಾತನ ಕಾಲದಿಂದ ಆ ದಾರೀಲೇ ಓಡಾಟ.

ಕಾನೂನು ಕಟ್ಟೆ
ಹಂಗಾದ್ರೆ ತಾತನ ಕಥೆ ಬಿಡಿ, ನಕಾಶೆ ಹಿಡ್ಕೊಳ್ಳಿ. ಸರ್ವೆ ಇಲಾಖೆಯಿಂದ ದೃಢೀಕೃತ ಪ್ರತಿ ತಗೊಂಡು, ಆ ದಾರಿ ಬಳಸೋ ಎಲ್ಲರ ಸಹಿ ಹಾಕಿಸಿ, ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೂ ಜಿಲ್ಲಾಧಿಕಾರಿಗೂ ಒಟ್ಟಿಗೆ ಕೊಡಿ. ಡ್ರಾಯಿಂಗ್‌ನ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಒಪ್ಪಂದದಲ್ಲಿ ಇಲ್ಲದ ಮೋರಿ, ಅಂಡರ್‌ಪಾಸ್ ಸೇರಿಸೋಕೆ "ಚೇಂಜ್ ಆಫ್ ಸ್ಕೋಪ್" (ಕೆಲಸದ ವ್ಯಾಪ್ತಿ ಬದಲಾವಣೆ) ಅಂತ ದಾರಿ ಇದೆ. ಏರಿ ಮಣ್ಣಾಗಿರೋವಾಗ ಕತ್ತರಿಸೋದು ಸುಲಭ, ಡಾಂಬರು ಬಿದ್ದ ಮೇಲೆ ಯಾರೂ ಮುಟ್ಟಲ್ಲ. ಇದನ್ನ ಮೊದಲೇ ಕೇಳಿದ್ರೆ ಮೊದಲೇ ಹೇಳ್ತಿದ್ದೆ.

ತೋಟದ ಮನೆ
ಮೊದಲೇ ಕೇಳಿದ್ದೆ ಸಾರ್. ಮೇಲೆ ಹೋಗಿ ಓದಿ. ಇರಲಿ, ನಾಳೆ ಸರ್ವೆ ಆಫೀಸಿಗೆ ಹೋಗ್ತೀನಿ. ಪಕ್ಕದ ತೋಟದವರು ಯಾರಾದ್ರೂ ಇಲ್ಲಿದ್ರೆ ಸಹಿಗೆ ಬನ್ನಿ.

ಬಿ.ಎಚ್. ರೋಡ್ ವಾಸಿ
ಅರ್ಜಿ ನೆಪದಲ್ಲಿ ಕೆಲಸ ನಿಲ್ಲಿಸೋ ಪ್ಲಾನ್ ಇದ್ರೆ ನಾವೂ ಸುಮ್ಮನಿರಲ್ಲ.

ಮಂಡಿ ಹುಡುಗ
ಅಬ್ಬಾ! ಒಂದು ಮೋರಿ ಕೇಳಿದ್ದಕ್ಕೆ "ಸುಮ್ಮನಿರಲ್ಲ" ಅಂತೆ.

ಸಕ್ಕರೆ ಸೀಮೆ
ಕ್ಯಾತ್ಸಂದ್ರದವರೇ, ಒಂದು ಭಾನುವಾರ ಬರ್ತೀನಿ, ವಡೆ ಕಟ್ಟಿಸ್ಕೊಂಡು. ಎದುರುಬದುರು ಇಟ್ಟು ತಿಂದು ನೋಡೋಣ. ಸೋತೋರು ದುಡ್ಡು ಕೊಡಬೇಕು.

ಕ್ಯಾತ್ಸಂದ್ರದವ
ಬನ್ನಿ. ಎಂಟು ಗಂಟೆ ಒಳಗೆ ಬನ್ನಿ, ಆಮೇಲೆ ಬಂದ್ರೆ ಇಡ್ಲಿ ಖಾಲಿ, ಆಗ ನೀವೇ ಗೆದ್ರಿ ಅಂತ ಇಲ್ಲಿ ಬಂದು ಬರೀತೀರಿ.